ಹಿರಿಯರಿಗೊಂದು ಮೂಲೆ

ಸಾಂಬ್ರಾಣಿ ಊರು ದಾಟಿದ ಸ್ವಲ್ಪ ಹೊತ್ತಿಗೆ ನಮ್ಮ ಬಸ್ಸು ಪಂಕ್ಚರ್ ಆಗಿ ನಿಂತಿತು. ರಸ್ತೆಯ ಪಕ್ಕದಲ್ಲೇ, ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಪಂಚಾಯಿತಿ ಕಟ್ಟಿಸುತ್ತಿದ್ದ ಮನೆಗಳ ಸಾಲು. ಮೊದಲನೆಯದು ಪೂರ್ತಿಯಾಗಿದ್ದರೂ ಬೀಗ ಬಿದ್ದಿತ್ತು. ಆ ಮನೆ ಸಿಕ್ಕ ಲಕ್ಷ್ಮೀಬಾಯಿ ಪಕ್ಕದ ತಗಡಿನ ಶೆಡ್ಡಿನಲ್ಲೇ ಒಲೆ ಊದುತ್ತಿದ್ದಳು. ಬೈಕಿನಲ್ಲಿ ಬಂದ ಪಂಚಾಯಿತಿಯ ಪಿಡಿಒ ಸಿಡುಕಿದರು:

"ಏನವ್ವಾ, ಇನ್ನೂ ಒಳಗ ಹೋಗಿಲ್ಲಲ್ಲ? ಬೀಗ ಹಾಕಿದ ಮನಿ ವಾಪಸ್ ಹೋಗ್ತೈತಿ ನೋಡು."

"ಹೆಂಗ ಹೋಗ್ಲಿ ಸಾಹೇಬ್ರ? ನಮ್ಮ ಹಿರಿಯರ ಕಾಯಿ ಮಣ್ಣಿನ ಮ್ಯಾಲ ಕುಂದ್ರಬೇಕು. ನೀವು ಗ್ವಾಡಿಯಿಂದ ಗ್ವಾಡಿಗೆ ಟೈಲ್ಸ್ ಹಾಕ್ಸೀರಿ. ಅವರನ್ನ ಹೊರಗ ಬಿಟ್ಟು ನಾವು ಒಳಗ ಮಲಗೂದ?"

ಶೆಡ್ಡಿನ ಮೂಲೆಯಲ್ಲಿ, ಸೆಗಣಿ ಸಾರಿಸಿದ ನೆಲದ ಮೇಲೆ, ತೀರಿಹೋದ ಹಿರಿಯರೆಂದೇ ಪೂಜಿಸುವ, ಕುಂಕುಮ ಹಚ್ಚಿದ ತೆಂಗಿನಕಾಯಿ ಕಂಡಿತು. ನೀರು ನುಗ್ಗಿದಾಗ ಪಾತ್ರೆಪಗಡೆ ಬಿಟ್ಟು, ಅದೊಂದನ್ನೇ ಮಡಿಲಲ್ಲಿ ಕಟ್ಟಿಕೊಂಡು ಓಡಿದ್ದಳಂತೆ.

ಪಿಡಿಒ ಇನ್ನಷ್ಟು ರೇಗುತ್ತಾರೆಂದುಕೊಂಡೆ. ಅವರು ಪಕ್ಕದ ಮನೆಯಲ್ಲಿ ನೆಲ ಹಾಕುತ್ತಿದ್ದ ಗೌಂಡಿಯನ್ನು ಕೂಗಿದರು.

"ರಫೀಕ್, ಉಳಿ ತಗೊಂಡ್ ಬಾ. ಈ ಅವ್ವನ ಮನ್ಯಾಗ ಒಂದು ಟೈಲ್ಸ್ ಕಿತ್ತು, ಮಣ್ಣು ಕಾಣೂತನಕ ಅಗಿ."

ಲಕ್ಷ್ಮೀಬಾಯಿ ಬೀಗ ತೆಗೆದಳು. ರಫೀಕ್ ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಉಳಿ ಹಿಡಿದುಕೊಂಡೇ ಮೆಲ್ಲಗೆ ಕೇಳಿದ:

"ಅವ್ವಾ, ಹಿರಿಯರನ್ನ ಯಾವ ಮೂಲ್ಯಾಗ ಕುಂದ್ರಸೂಣು?"