ಹೆಸರಿಲ್ಲದ ಗಾಳಿ

ಹವಾಯಿ ದ್ವೀಪದ ನಮ್ಮ ಹಿಲೊ ಊರಲ್ಲಿ ಯಾರೇ ಸತ್ತರೂ ಲೋಕೆಗೆ ಕರೆ ಹೋಗುತ್ತಿತ್ತು. ಬೆಳಗ್ಗೆ ಮೀನು ಮಾರುವವಳು ಸಂಜೆ ಹೆಣದ ಮುಂದೆ ಕೂತು ಹಾಡು ಕಟ್ಟುತ್ತಿದ್ದಳು. ಸತ್ತವರು ನಡೆದ ಜಾಗ, ನೆನೆದ ಮಳೆ, ಮೈಗೆ ತಾಗಿದ ಗಾಳಿ, ಎಲ್ಲವನ್ನೂ ಹೆಸರು ಹಿಡಿದು ಕರೆಯಬೇಕು. ಇಲ್ಲದಿದ್ದರೆ ಅದು ಹಾಡೇ ಅಲ್ಲ. ನಮ್ಮ ಮಳೆ ಕನಿಲೆಹುವಾ. ಪಕ್ಕದೂರಿನ ಮಳೆಗೆ ಬೇರೆಯದೇ ಹೆಸರು. ಅದನ್ನು ತಿಳಿಯದವನು ನಮಗೆ ಪರದೇಶಿ.

ಲೋಕೆಯ ಅಪ್ಪ ಅಕಿಯು ಅಂಥ ಪರದೇಶಿ. ಕಬ್ಬಿನ ತೋಟದ ಕೂಲಿಗೆಂದು ಚೀನಾದಿಂದ ಬಂದವನು ನಮ್ಮ ಕಪೇಕಾಳನ್ನು ಕಟ್ಟಿಕೊಂಡು ಕೆಸುವಿನ ಗದ್ದೆ ಮಾಡಿದ. ಮಗಳು ಅಪ್ಪನ ಮಾತು, ಅವ್ವನ ಮಾತು ಎರಡರಲ್ಲೂ ಹಾಡುತ್ತ ಬೆಳೆದಳು. ಚೀನೀಯರಿಗೆ ಅವಳು ಹವಾಯಿಯವಳು, ನಮ್ಮವರಿಗೆ ಚೀನಾದವಳು. ಮನೆಯಲ್ಲಿ ಸಾವಾದರೆ ಮಾತ್ರ ಇಬ್ಬರಿಗೂ ನಮ್ಮವಳು. ಜನ ಹಾಗೇ.

ಅಕಿಯು ಸತ್ತು ಕೆಲವು ವರ್ಷಗಳ ಮೇಲೆ ವಾಯ್‌ಲಮ್ ಬಂದ. ಅಕಿಯು ಚೀನಾದಲ್ಲಿ ಬಿಟ್ಟುಬಂದಿದ್ದ ಮೊದಲ ಹೆಂಡತಿಯ ಮಗ. ಅಪ್ಪನ ಮೂಳೆ ತೆಗೆದು, ಊರಿಗೆ ಒಯ್ದು ಹಿರಿಯರ ಪಕ್ಕ ಹೂಳಬೇಕು ಎಂದ. ಅವರಲ್ಲಿ ಅದು ಮಗನ ಧರ್ಮ. ನಮ್ಮಲ್ಲಿ ಹೂತ ಮೂಳೆ ಅಲುಗಿಸುವುದಕ್ಕಿಂತ ದೊಡ್ಡ ಪಾಪವಿಲ್ಲ. ಕಪೇಕಾ ಗೋರಿಯ ಮೇಲೆ ಚಾಪೆ ಹಾಸಿ ಕೂತುಬಿಟ್ಟಳು. ಪಕ್ಕದ ಮನೆಯವಳು ನಾನು, ಜೊತೆಗೆ ಕೂತೆ.

"ಬದುಕಿದ್ದಾಗ ಬೇಡವಾಗಿದ್ದೋನು ಈಗ ಬೇಕಾದ್ನಾ? ಕೇಳೇ ಅವನ್ನ," ಎಂದಳು ಮಗಳಿಗೆ.

ಲೋಕೆ ಅಪ್ಪನ ಮಾತಿನಲ್ಲಿ ಕೇಳಿದಳು. ವಾಯ್‌ಲಮ್ ತಲೆ ತಗ್ಗಿಸಿದ. "ನಮ್ಮವ್ವ ಹಾಸಿಗೆ ಹಿಡಿದಿದಾಳೆ, ತಂಗಿ. ಅಪ್ಪ ಬರೋವರೆಗೂ ಜೀವ ಹೋಗಲ್ಲ ಅಂತಾಳೆ."

ಲೋಕೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡಳು. ಅಪ್ಪನನ್ನು ಕಳಿಸಿದರೆ ಅವ್ವ ಸಾಯುವವರೆಗೂ ಮಾತಾಡಿಸುವುದಿಲ್ಲ. ಕಳಿಸದಿದ್ದರೆ ಅಲ್ಲೊಬ್ಬಳು ನೆಮ್ಮದಿಯಾಗಿ ಸಾಯುವುದಿಲ್ಲ.

"ಅಪ್ಪ ಅಲ್ಲಿಗೆ ಹೋದ್ರೆ ನನ್ನ ಹಾಡೂ ಅಲ್ಲೀವರೆಗೆ ಹೋಗ್ಬೇಕು," ಎಂದಳು. "ನಿಮ್ಮೂರ ಗಾಳಿ ಹೆಸರೇನಣ್ಣ?"

"ಗಾಳಿಗೆಂಥ ಹೆಸರು? ಗಾಳಿ ಅಂದ್ರೆ ಗಾಳಿ."

ಲೋಕೆ ಅದನ್ನು ತಿಳಿಸಿದಾಗ ಕಪೇಕಾ ನಕ್ಕಳು. "ಗಾಳಿಗೊಂದು ಹೆಸರಿಡಕ್ಕೂ ಗತಿಯಿಲ್ಲದ ಊರಂತೆ. ಅಲ್ಲಿಗೆ ನನ್ನ ಗಂಡನ್ನ ಕಳಿಸ್ಬೇಕಂತೆ."

ವಾಯ್‌ಲಮ್ ಗೋರಿಯ ಪಕ್ಕ ಕುಕ್ಕರಿಸಿದ. "ಚಳಿ ಮುಗಿಯೋ ಹೊತ್ತಿಗೆ ಸಮುದ್ರದ ಕಡೆಯಿಂದ ಒಂದು ಗಾಳಿ ಬರುತ್ತೆ," ಎಂದ. "ಅದು ಹಡಗು ಬರೋ ಕಾಲ. ಅವತ್ತು ಅವ್ವ ಬಾಗಿಲು ತೆಗೆದಿಟ್ಟು, ಅಪ್ಪಂಗೆ ಅಂತ ಒಂದು ಬಟ್ಟಲು ಅನ್ನ ಬಡಿಸಿಡ್ತಾಳೆ. ಸತ್ತ ಸುದ್ದಿ ಬಂದ ಮೇಲೂ ಬಿಟ್ಟಿಲ್ಲ."

ಅನ್ನದ ಮಾತನ್ನೂ ಲೋಕೆ ಅವ್ವನಿಗೆ ಹೇಳಿದಳು. ಕಪೇಕಾ ಬಹಳ ಹೊತ್ತು ಮಣ್ಣು ಸವರುತ್ತ ಕೂತಿದ್ದು, ಆಮೇಲೆ ಎದ್ದು ಚಾಪೆ ಸುತ್ತಿದಳು.

"ನಂಗೆ ಅವನು ಸಿಕ್ಕಿದ್ದ. ಅವಳಿಗೆ ಬರೀ ಗಾಳಿ ಸಿಕ್ತು. ಅಗೀರಿ. ತೊಳೆಯೋಳು ಮಾತ್ರ ನಾನೇ."

ಒಂದೊಂದು ಮೂಳೆಯನ್ನೂ ತೊಳೆದು, ಒರೆಸಿ, ನಾರುಬಟ್ಟೆಯಲ್ಲಿ ಸುತ್ತಿಕೊಟ್ಟಳು. ಹಡಗುಕಟ್ಟೆಯಲ್ಲಿ ಲೋಕೆ ಹಾಡಿದಳು. ಕನಿಲೆಹುವಾವನ್ನು ನಮ್ಮ ಮಾತಿನಲ್ಲಿ ಕರೆದಳು. ಆ ಗಾಳಿಗೆ ಅಪ್ಪನ ಮಾತಿನಲ್ಲಿ ತಾನೇ ಹೆಸರಿಟ್ಟಳು: ಬಡಿಸಿಟ್ಟ ಅನ್ನ ಆರಿಸುವ ಗಾಳಿ. ವಾಯ್‌ಲಮ್ ಮೂಳೆಯ ಪೆಟ್ಟಿಗೆ ತಬ್ಬಿಕೊಂಡು ಅತ್ತ. ಕಪೇಕಾ ಅಳಲಿಲ್ಲ. ಮುಂದಿನ ವರ್ಷ ಅವಳನ್ನು ಆ ಖಾಲಿ ಗುಂಡಿಯಲ್ಲೇ ಮಣ್ಣು ಮಾಡಿದೆವು.

ಲೋಕೆ ಹೋಗಿದ್ದು ಮೊನ್ನೆ ಚಳಿಗಾಲದಲ್ಲಿ. ಊರಿಗೆಲ್ಲ ಹಾಡಿದವಳ ಹೆಣದ ಮುಂದೆ ಹಾಡುವವರಿರಲಿಲ್ಲ. ನಾನೇ ಮಳೆಯ ಹೆಸರು ಹೇಳಿದೆ. ಚೀನೀ ಮಾತಿನ ಆ ಗಾಳಿಯ ಹೆಸರಿಗೆ ನಾಲಿಗೆ ತಿರುಗಲಿಲ್ಲ. ಮನೆಗೆ ಬಂದು ಬಾಗಿಲು ತೆಗೆದಿಟ್ಟು, ಒಂದು ಬಟ್ಟಲು ಅನ್ನ ಬಡಿಸಿಟ್ಟೆ.