ಕಾಲರಿಗೆ ಸಿಕ್ಕಿಸಿದ ಮೈಕು

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನಿಗೆ ಕಿವಿಯಣ್ಣ ಎಂದು ಅಡ್ಡಹೆಸರು ಬಿದ್ದರೆ ಜನ ನಗದೆ ಇರುತ್ತಾರೆಯೇ? ಹಗಲೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜನ್ನು ಫ್ರೇಮಿನ ಅಳತೆಗೆ ಉಜ್ಜುವುದು ಅವನ ಹೊಟ್ಟೆಪಾಡು. ಸಂಜೆಯಾಯಿತೆಂದರೆ ಊರಿನಲ್ಲಿ ಯಾರು ಎಲ್ಲಿ ಹಾಡಿದರೂ ಅಲ್ಲಿ ಹಾಜರಿ. ಸುಮ್ಮನೆ ಕೇಳಿ ಎದ್ದು ಬಂದಿದ್ದರೆ ಈ ಹೆಸರು ಬರುತ್ತಿರಲಿಲ್ಲ. ಕೇಳಿದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುವ ಚಟ ಅವನದು. ಪ್ರಾಯದಲ್ಲಿ ಇಟ್ಟಿಗೆಯಷ್ಟು ದಪ್ಪದ ಟೇಪ್ ರೆಕಾರ್ಡರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂರುತ್ತಿದ್ದ. ಮನೆಯ ಬೀರುವಿನ ತುಂಬ ಕ್ಯಾಸೆಟ್ಟುಗಳು. ಅವಕ್ಕೆ ಬೀರು, ನನ್ನ ಬಟ್ಟೆಗೆ ಬಾಗಿಲ ಹಿಂದಿನ ಮೊಳೆ ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳಿ ಮಾನ ಕಳೆಯುತ್ತಿದ್ದಳು.

ಆ ಕ್ಯಾಸೆಟ್ಟುಗಳಲ್ಲಿ ಮುಕ್ಕಾಲು ಪಾಲು ಒಬ್ಬರದೇ ದನಿ. ಅಭಿಮಾನಿಗಳೆಲ್ಲ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದರು. ಒಂದು ಪಿಯಾನೊ, ಒಂದು ಪಿಟೀಲು, ನಡುವೆ ದೊಡ್ಡಕ್ಕ, ಅಷ್ಟೇ ಅವರ ಕಚೇರಿ. ರೆಕಾರ್ಡರು ಹೊತ್ತವರನ್ನು ಬಾಗಿಲಲ್ಲೇ ತಡೆಯುತ್ತಿದ್ದ ಸಭಾಂಗಣದವರಿಗೆ ದೊಡ್ಡಕ್ಕ ಒಮ್ಮೆ, 'ಅವರನ್ನ ಬಿಡಿ, ಅವರು ನಮ್ಮವರು' ಎಂದಿದ್ದರು. ಆ ಒಂದು ಮಾತನ್ನು ಕಿವಿಯಣ್ಣ ಪದಕದ ಹಾಗೆ ಎದೆಯ ಮೇಲೆ ಹೊತ್ತು ತಿರುಗಿದ. ಪ್ರತಿ ಕಾರ್ಯಕ್ರಮ ಮುಗಿದ ಮೇಲೂ ಪರದೆಯ ಹಿಂದೆ ಹೋಗಿ, ಇವತ್ತು ಹಾಡಿದ ಹಾಗೆ ನೀವು ಯಾವತ್ತೂ ಹಾಡಿರಲಿಲ್ಲ ಅಕ್ಕ ಎಂದು ಕೈಮುಗಿದು ಬರುತ್ತಿದ್ದ.

ಈಚೀಚೆಗೆ ಫೋನಿನಲ್ಲಿ ಹಿಡಿಯುತ್ತಿದ್ದ. ಫೋನನ್ನು ಎತ್ತಿ ಹಿಡಿದು ತೋಳು ಸೋತಿತ್ತು, ಮುಂದಿನವರ ಚಪ್ಪಾಳೆಯ ಅಡಿಯಲ್ಲಿ ಹಾಡೆಲ್ಲ ಅಪ್ಪಚ್ಚಿಯಾಗುತ್ತಿತ್ತು. ದೊಡ್ಡಕ್ಕನಿಗೂ ವಯಸ್ಸಾಗುತ್ತಿತ್ತು. ಇನ್ನು ಮೇಲಿನ ಒಂದೊಂದು ಹಾಡನ್ನೂ ಸರಿಯಾಗಿ ಹಿಡಿಯಬೇಕು ಎಂದುಕೊಂಡು ಹೊಸ ರೆಕಾರ್ಡರು ಕೊಳ್ಳಲು ಹೊರಟ. ಮಗಳಿಗೆ ಗಂಡು ನೋಡುವವರು ಮನೆ ಸುತ್ತುವುದಕ್ಕಿಂತ ಹೆಚ್ಚು ಅಂಗಡಿ ಸುತ್ತಿದ. ನೆತ್ತಿಯ ಮೇಲೇ ಎರಡು ಮೈಕು ಇರುವ ರೆಕಾರ್ಡರನ್ನು ನೋಡಿದ. ಅದಕ್ಕೆ ಮೂರು ಕಾಲಿನ ಸ್ಟ್ಯಾಂಡು ಬೇಕು, ಹಿಂದೆ ಕೂತವರು ಬೈಯುತ್ತಾರೆ. ಸಭಾಂಗಣದವರು ಸದ್ದು ಏರಿಸಿ ಇಳಿಸುವ ಧ್ವನಿ ಮೇಜಿನಿಂದಲೇ ತಂತಿ ಎಳೆದುಕೊಳ್ಳುವಂಥದ್ದನ್ನು ನೋಡಿದ. ಅದರಲ್ಲಿ ಹಾಡು ಇರುತ್ತದೆ, ಕೇಳುವ ಜನ ಇರುವುದಿಲ್ಲ ಎಂದು ಮೂಗು ಮುರಿದ. ಕೊನೆಗೆ ಮನಸ್ಸಿಗೆ ಒಪ್ಪಿದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ರೆಕಾರ್ಡರು. ಅದರಿಂದ ಹೊರಟ ಎರಡು ಎಳೆ ತಂತಿಗಳ ತುದಿಗೆ ಕಡಲೆಕಾಳಿನಂಥ ಮೈಕುಗಳು, ಕಾಲರಿನ ಆಚೆಗೊಂದು ಈಚೆಗೊಂದು ಸಿಕ್ಕಿಸಿಕೊಂಡರಾಯಿತು.

ರೆಕಾರ್ಡರು ಮಾರಿದ ಅಂಗಡಿಯ ಹುಡುಗಿ ಎರಡು ಮಾತು ಹೇಳಿದ್ದಳು. ಮೈಕು ನಿಮ್ಮ ಬಾಯಿಗೇ ಹತ್ತಿರ, ಮಾತಾಡಬಾರದು ಎಂಬುದು ಒಂದು. ಇನ್ನೊಂದು, ಸದ್ದಿನ ಗುಂಡಿಯನ್ನು 'ಆಟೋ' ಎಂದು ಬರೆದ ಕಡೆ ಇಡಬೇಡಿ, ಹಾಡು ಮೆಲ್ಲಗಾದಾಗ ಮಷೀನು ತಾನಾಗಿಯೇ ಸದ್ದನ್ನು ಎತ್ತಿಕೊಳ್ಳುತ್ತದೆ, ಪಕ್ಕದ ಪಿಸುಮಾತೂ ಹಾಡಿನಷ್ಟೇ ಜೋರಾಗಿ ಬೀಳುತ್ತದೆ ಎಂಬುದು. ನೀನು ಹುಟ್ಟುವ ಮೊದಲಿನಿಂದ ರೆಕಾರ್ಡು ಮಾಡುತ್ತಿದ್ದೇನಮ್ಮ ಎಂದು ಕಿವಿಯಣ್ಣ ನಕ್ಕುಬಿಟ್ಟ. ನಿಜವಾದ ತೊಡಕು ಬೇರೆಯೇ ಇತ್ತು. ಸದ್ದಿನ ಮಟ್ಟವನ್ನು ತಾನೇ ಕೈಯಿಂದ ಇಡಬೇಕಾದರೆ ಆ ಉಗುರಿನಷ್ಟು ಪರದೆಯ ಅಂಕಿ ಓದಬೇಕು, ಓದಬೇಕಾದರೆ ಕನ್ನಡಕ ಹಾಕಬೇಕು. ಊರಿಗೆಲ್ಲ ಕನ್ನಡಕ ಮಾಡಿಕೊಡುವ ಮಹಾರಾಯನಿಗೆ ನಾಲ್ಕು ಜನರ ನಡುವೆ ತಾನು ಕನ್ನಡಕ ಹಾಕುವುದೆಂದರೆ ನಾಚಿಕೆ. ಗುಂಡಿ ಆಟೋದಲ್ಲೇ ಉಳಿಯಿತು.

ಮುಂದಿನ ಕಾರ್ಯಕ್ರಮಕ್ಕೆ ಹೆಂಡತಿಯ ತಮ್ಮನೂ ಜೊತೆಗೆ ಬಂದ. ಯಾವುದೋ ಕೆಲಸಕ್ಕೆ ಊರಿಗೆ ಬಂದಿದ್ದವನು, ಸಂಗೀತದ ಗಂಧಗಾಳಿ ಇಲ್ಲ. ಹಾಡಿನ ನಡುನಡುವೆ, ಹೇಗಿದೆ ಭಾವ, ಹೇಗಿದೆ ಭಾವ ಎಂದು ಕೇಳುತ್ತಿದ್ದ. ಕಿವಿಯಣ್ಣನಿಗೆ ಒಳಗೊಳಗೇ ಹಿಗ್ಗು. ಹೊಗಳುವುದು ಯಾರಿಗಾದರೂ ಬರುತ್ತದೆ, ಕುಂದು ಎತ್ತಿ ತೋರಿಸಿದರೆ ತಾನೇ ಬಲ್ಲವನು ಅನ್ನಿಸಿಕೊಳ್ಳುವುದು. ದೊಡ್ಡಕ್ಕ ಒಂದು ಹಾಡನ್ನು ತೀರ ಮೆಲ್ಲನೆ ಎತ್ತಿಕೊಂಡಾಗ ಅವನು ಭಾವಮೈದುನನ ಕಡೆ ಬಾಗಿ ಏನೋ ಹೇಳಿದ. ಇಬ್ಬರೂ ನಕ್ಕರು. ಹೇಳಿದ್ದನ್ನು ಅಲ್ಲೇ ಮರೆತ. ಕಾರ್ಯಕ್ರಮ ಮುಗಿದ ಮೇಲೆ ಎಂದಿನಂತೆ ಪರದೆಯ ಹಿಂದೆ ಹೋಗಿ ಕೈಮುಗಿದೂ ಬಂದ.

ಮರುದಿನ ಬೆಳಿಗ್ಗೆ ದೊಡ್ಡಕ್ಕನ ಮಗಳು ಕನ್ನಡಕದ ಅಂಗಡಿಗೇ ಬಂದಳು. ಬರುವ ವರ್ಷಕ್ಕೂ ಹಾಡಿ ಎಂದು ಸಭಾಂಗಣದವರು ಕೇಳಿದ್ದಾರೆ, ಅಮ್ಮನಿಗೆ ಹಾಡಲೋ ಬಿಡಲೋ ಎಂಬ ಅನುಮಾನ, ಧ್ವನಿ ಮೇಜಿನ ರೆಕಾರ್ಡಿಂಗಿನಲ್ಲಾದರೆ ಎಲ್ಲವನ್ನೂ ತಿದ್ದಿರುತ್ತಾರೆ, ಜನ ಕೂತ ಜಾಗದಲ್ಲಿ ತನ್ನ ದನಿ ಹೇಗೆ ಕೇಳುತ್ತದೆ ಎಂದು ತಿಳಿದುಕೊಂಡು ಇವತ್ತೇ ಉತ್ತರ ಕೊಡಬೇಕೆಂದು ಅಮ್ಮ ಅಂದಿದ್ದಾರೆ, ನಿಮ್ಮದನ್ನೇ ತರಲು ಹೇಳಿದರು ಎಂದಳು. ಕಿವಿಯಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತ ಮೊದಲ ಹಾಡನ್ನು ಮಾತ್ರ ಕೇಳಿದ್ದ, ಗಾಜಿನಂತೆ ತಿಳಿಯಾಗಿತ್ತು. ಉಳಿದದ್ದೂ ಹಾಗೇ ಇರುತ್ತದೆ ಎಂದು, ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಪೆನ್‌ಡ್ರೈವಿಗೆ ಹಾಕಿ, ಧೂಳು ಒರೆಸಿ ಅವಳ ಕೈಗಿಟ್ಟ.

ಅವಳು ಹೋದ ಮೇಲೆ ಹಿಂದಿನ ಕೋಣೆಗೆ ಬಂದು, ಕಿವಿಗೆ ಹೆಡ್‌ಫೋನ್ ಏರಿಸಿ, ಒಂದು ಗಾಜನ್ನು ಉಜ್ಜುಗಲ್ಲಿಗೆ ಹಿಡಿದ. ಹಾಡಿನ ಹಿಂದೆ ಹಾಡು ಬಂತು. ಆ ಮೆಲುದನಿಯ ಹಾಡೂ ಬಂತು. ದೊಡ್ಡಕ್ಕನ ದನಿ ಇಳಿಯಿತು, ಮಷೀನು ಸದ್ದನ್ನು ಎತ್ತಿಕೊಂಡಿತು, ಕಿವಿಯ ಒಳಗೇ ಕೂತವನಂತೆ ಒಬ್ಬ ಗಂಡಸು ಮಾತಾಡಿದ.

"ಗಂಟಲು ಹೋಯ್ತು ಕಣೋ ಇವಳದ್ದು. ಮೇಲಿನ ಸ್ವರ ಮುಟ್ಟೋಕಾಗದೆ ಹೀಗೆ ಗೊಣಗ್ತಾಳೆ. ಮರ್ಯಾದೆಯಾಗಿ ಮನೇಲಿರ್ಬೇಕಿತ್ತು. ನಮ್ಮಂಥೋರು ಮುಖ ನೋಡಿ ಚಪ್ಪಾಳೆ ತಟ್ತೀವಿ, ಅಷ್ಟೆ."

ಆಮೇಲೆ ಭಾವಮೈದುನನ ಕಿಸಿಕಿಸಿ ನಗು. ಅದರ ಜೊತೆಗೆ ತನ್ನದೂ.

ಗಾಜು ಗುರುತು ದಾಟಿ ಸವೆದುಹೋಗಿತ್ತು, ಅವನಿಗೆ ತಿಳಿಯಲೇ ಇಲ್ಲ. ಆ ದನಿ ತನ್ನದಲ್ಲ ಎಂದುಕೊಳ್ಳಲು ನೋಡಿದ, ಆಗಲಿಲ್ಲ. 'ಇವಳು' ಎಂದಿದ್ದ. ಎದುರಿಗೆ ಅಕ್ಕ, ನೀವು ಎನ್ನುವ ಬಾಯಿಂದಲೇ ಬಂದಿತ್ತು ಅದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋಗಿದ್ದರೆ ಎಷ್ಟೋ ವಾಸಿಯಿತ್ತು, ಇದು ಹೋಗದೆ ಉಳಿದಿತ್ತು.

ಇನ್ನೊಮ್ಮೆ ಹಾಕಿದ. ಈ ಸಲ ತನ್ನ ಮಾತಿನ ಅಡಿಯಲ್ಲಿದ್ದ ಹಾಡಿಗೆ ಕಿವಿ ಕೊಟ್ಟ. ದನಿ ಸೋತಿರಲಿಲ್ಲ. ಮಲಗಿದ ಮಗು ಏಳಬಾರದೆಂದು ತಾಯಿ ತಗ್ಗಿಸಿಕೊಳ್ಳುವ ಹಾಗೆ, ಬೇಕೆಂದೇ ತಗ್ಗಿಸಿಕೊಂಡದ್ದು. ಇಷ್ಟು ವರ್ಷಗಳಲ್ಲಿ ಅವರು ಹೀಗೆ ಹಾಡಿದ್ದನ್ನು ಅವನು ಕೇಳಿಯೇ ಇರಲಿಲ್ಲ. ನಿನ್ನೆಯೂ ಕೇಳಿರಲಿಲ್ಲ. ಪಕ್ಕದಲ್ಲೇ ಕೂತು, ಕಾಲರಿಗೆ ಎರಡು ಮೈಕು ಸಿಕ್ಕಿಸಿಕೊಂಡು, ಬಾಯಿ ಬಡಿಯುತ್ತಿದ್ದ. ಕೆಟ್ಟ ಮಾತು ಆಡಿದ್ದಕ್ಕಿಂತ, ಕೇಳದೆಯೇ ಆಡಿದೆನಲ್ಲ ಎಂಬುದು ಅವನನ್ನು ಹಿಂಡಿತು. ಕಿವಿಯಣ್ಣ ಎಂಬ ಹೆಸರು ನೆನೆದರೇ ಮೈಯೆಲ್ಲ ಕುಗ್ಗಿತು.

ಮಾಲೀಕನಿಗೆ ಏನೋ ನೆಪ ಹೇಳಿ ದೊಡ್ಡಕ್ಕನ ಮನೆಗೆ ಓಡಿದ. ಅವರು ಇನ್ನೂ ಕೇಳಿರದಿದ್ದರೆ ಸಾಕು, ತಪ್ಪಾಗಿ ಬೇರೆಯದನ್ನು ಕೊಟ್ಟೆ ಎಂದು ವಾಪಸು ತಂದುಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡ. ಬಾಗಿಲು ತೆರೆದ ಮಗಳು ಅವನ ಮುಖ ನೋಡಲಿಲ್ಲ. ಅಲ್ಲಿಗೆ ಎಲ್ಲ ತಿಳಿಯಿತು.

ದೊಡ್ಡಕ್ಕ ಕಿಟಕಿಯ ಪಕ್ಕ ಕೂತಿದ್ದರು. ಬನ್ನಿ ಎಂದರು, ಕುರ್ಚಿ ತೋರಿಸಿದರು. ಅವರ ಮರ್ಯಾದೆಯಲ್ಲಿ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಎದ್ದು ಬೈದಿದ್ದರೆ ಅವನಿಗೆ ಉಸಿರಾಡಲು ಬರುತ್ತಿತ್ತು. ಕೂರದೆ ನಿಂತೇ ಹೇಳಿದ.

"ಬೊಗಳಿಬಿಟ್ಟೆ ಅಕ್ಕ. ಆ ಹಾಡನ್ನ ನಾನು ಕೇಳೇ ಇರ್ಲಿಲ್ಲ. ಭಾವಮೈದುನನ ಮುಂದೆ ದೊಡ್ಡಸ್ತಿಕೆ ತೋರ್ಸೋಕೆ ಬಾಯಿಗೆ ಬಂದದ್ದು ಅಂದೆ. ಇವತ್ತು ಕೇಳ್ದೆ. ನೀವು ಈ ಹಾಡು ಹಾಡಿದ ಹಾಗೆ ಯಾವತ್ತೂ ಹಾಡಿರ್ಲಿಲ್ಲ."

ದೊಡ್ಡಕ್ಕ ಸಣ್ಣಗೆ ನಕ್ಕರು. "ಪ್ರತಿ ಸಲ ಪರದೆ ಹಿಂದೆ ಬಂದು ಇದನ್ನೇ ಹೇಳ್ತಿದ್ರಿ. ನಿನ್ನೆವರೆಗೂ ನಂಬಿದ್ದೆ. ನನ್ನ ಬೆನ್ನ ಹಿಂದೆ ನೀವು ಮಾತಾಡಿದ್ದನ್ನ ಕೇಳಿದ್ದು ಇದೊಂದೇ ಸಲ. ನಾನು ಅದನ್ನೇ ನಂಬ್ತೀನಿ."

"ಇಲ್ಲ ಅಕ್ಕ, ಈಗ ಹೇಳ್ತಿರೋದೇ ನಿಜ."

"ನಿಮ್ಮ ಮೇಲೆ ಕೋಪ ಇಲ್ಲ. ಮಗಳು ಹೇಳ್ತಿರ್ಲಿಲ್ಲ, ಪಿಯಾನೊದವರು ಹೇಳ್ತಿರ್ಲಿಲ್ಲ. ಸಂಗೀತ ಗೊತ್ತಿರೋರು ಒಬ್ಬರಾದ್ರೂ ಹೇಳಿದ್ರಲ್ಲ."

ಕಿವಿಯಣ್ಣ ತಾನು ಸಂಗೀತ ಗೊತ್ತಿರುವವನಲ್ಲ ಎಂದ, ಮೂರ್ಖ ಎಂದ, ಕೈಮುಗಿದ, ಕಣ್ಣಲ್ಲಿ ನೀರೂ ಬಂತು. ಏನು ಮಾಡಿದರೂ ಅದು ಅವನ ಹಳೆಯ ಹೊಗಳಿಕೆಯ ಹಾಗೆಯೇ ಕೇಳಿಸುತ್ತಿತ್ತು, ಅವನ ಕಿವಿಗೂ. ಸಭಾಂಗಣದವರಿಗೆ ಆಗಲೇ ಫೋನು ಮಾಡಿ ಇನ್ನು ಹಾಡುವುದಿಲ್ಲ ಎಂದು ಹೇಳಿಯಾಯಿತು ಎಂದು ದೊಡ್ಡಕ್ಕ ತಿಳಿಸಿದರು. ಕಾಫಿ ಕುಡಿದು ಹೋಗಿ ಎಂದೂ ಹೇಳಿದರು.

ಕುಡಿಯುವ ಮುಖವೆಲ್ಲಿತ್ತು ಅವನಿಗೆ? ಬೀಳ್ಕೊಡಲು ಬಂದ ಮಗಳು ಹೊಸಿಲಲ್ಲಿ ಒಳಗಿನವರಿಗೆ ಕೇಳಿಸದಂತೆ ಬಾಗಿಲನ್ನು ಮುಂದೆ ಮಾಡಿಕೊಂಡಳು. ಆ ಹಾಡನ್ನು ಅಮ್ಮ ಮೊದಲ ಸಲ ಹಾಡಿದ್ದು ನಿನ್ನೆಯೇ, ಇನ್ನು ಮುಂದೆ ಹಾಡುವುದೂ ಇಲ್ಲ, ಸಭಾಂಗಣದವರು ಈ ಸಲ ರೆಕಾರ್ಡು ಮಾಡಿಕೊಂಡೇ ಇಲ್ಲವಂತೆ, ಇರುವುದು ನಿಮ್ಮದೊಂದೇ ಎಂದಳು.

"ಅದ್ರಿಂದ ನಿಮ್ಮ ಮಾತು ಮಾತ್ರ ತೆಗೆದುಕೊಡೋಕಾಗುತ್ತಾ?"

ಮಾತು ಬೀಳುವಾಗ ಹಾಡಿನ ಮೇಲೆಯೇ ಬಿದ್ದಿರುತ್ತದೆ, ಅದನ್ನು ಕಿತ್ತರೆ ಹಾಡೂ ಕಿತ್ತು ಬರುತ್ತದೆ ಎಂದು ಅವಳಿಗೆ ಬಿಡಿಸಿ ಹೇಳಬಹುದಿತ್ತು. ಕಿವಿಯಣ್ಣ ತಲೆ ಎತ್ತಲಿಲ್ಲ.

"ಆಗಲ್ಲಮ್ಮ" ಎಂದ.