ಸೊಸೆಗೆ ಏರಿಸಿದ ನೀರು, ಮಾವನಿಗೆ ಬೇಡವೆಂದದ್ದು

ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ನಾನು ಹೊಸೂರಿನ ಚಿಕ್ಕ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದೆ. ರಕ್ತನಾಳಕ್ಕೆ ಏರಿಸುವ ಉಪ್ಪುನೀರನ್ನು ನಾವೇ ತಯಾರಿಸಿ, ಕುದಿಸಿ, ಗಾಜಿನ ಬುಡ್ಡಿಗಳಲ್ಲಿ ತುಂಬಿಡುತ್ತಿದ್ದೆವು. ಗ್ಲೂಕೋಸಿನ ಬುಡ್ಡಿಗಳು ಬೇರೆ ಇರುತ್ತಿದ್ದವು. ಯಾರಿಗೆ ಯಾವುದು ಎಂಬುದರಲ್ಲಿ ನಾನು ತಡವರಿಸಿದ್ದು ಕಡಿಮೆ.

ಆ ಬೇಸಿಗೆಯಲ್ಲಿ ಹತ್ತಿರದ ತಳಿ ಎಂಬ ಊರಿನ ಕಡೆಯ ರೈತನೊಬ್ಬ ಹೆಂಡತಿಯನ್ನು ಎತ್ತಿನಗಾಡಿಯಲ್ಲಿ ಮಲಗಿಸಿಕೊಂಡು ಬಂದ. ವಾಂತಿಭೇದಿ. ಕಣ್ಣು ಗುಳಿಬಿದ್ದು, ಬೆರಳ ತುದಿಗಳು ಸುಕ್ಕುಗಟ್ಟಿದ್ದವು. ನಾಡಿ ಕೈಗೆ ಸಿಗಲಿಲ್ಲ. ಪಾದದ ಗಿಣ್ಣಿನ ಪಕ್ಕದಲ್ಲಿ ಚರ್ಮ ಕೊಯ್ದು ನಾಳ ಹುಡುಕಿ, ಬುಡ್ಡಿಯ ಮೇಲೆ ಬುಡ್ಡಿ ಉಪ್ಪುನೀರು ಬಿಟ್ಟೆ. ಸಂಜೆಗೆ ಆಕೆ ಕಣ್ತೆರೆದು, "ಮಗು ಎಲ್ಲಿ?" ಅಂದಳು. ಗಂಡ "ಮನೇಲಿ ಚೆನ್ನಾಗದೆ" ಅಂದವನೇ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟ.

ಶ್ರಾವಣದಲ್ಲಿ ಅವರಿಬ್ಬರೂ ಮತ್ತೆ ಬಂದರು. ಈ ಸಲ ಕಾಯಿಲೆ ಅವನ ಅಪ್ಪನಿಗೆ. ಮುದುಕರು ಮಲಗಲಾರದೆ ಕೂತೇ ಏದುಸಿರು ಬಿಡುತ್ತಿದ್ದರು. ಊದಿದ ಕಾಲನ್ನು ಒತ್ತಿದರೆ ನನ್ನ ಹೆಬ್ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು.

"ಇವಳನ್ನ ಎಬ್ಬಿಸಿದ್ರಲ್ಲ ಡಾಕ್ಟ್ರಮ್ಮ, ಅದೇ ನೀರು ಏರ್ಸಿ. ಊಟ ಬಿಟ್ಟವ್ರೆ, ನಿತ್ರಾಣ ಆಗ್ಬುಟ್ಟವ್ರೆ," ಅಂದ ಮಗ.

"ಅದನ್ನ ಏರಿಸಿದ್ರೆ ಇವರು ಉಳಿಯೋದಿಲ್ಲಪ್ಪ."

"ಹಂಗಾದ್ರೆ ಸಕ್ಕರೆ ನೀರಾದ್ರೂ ಕೊಡಿ."

"ಅದೂ ನೀರೇ ಅಲ್ವಾ? ಇವರ ಹೃದಯ ಸೋತಿದೆ. ಮೈಯಲ್ಲಿರೋ ನೀರನ್ನೇ ತಳ್ಳೋಕಾಗ್ತಿಲ್ಲ. ಇನ್ನಷ್ಟು ಬಿಟ್ಟರೆ ಉಸಿರು ಕಟ್ಟುತ್ತೆ. ಇರೋದನ್ನ ಹೊರಗೆ ಹಾಕಿಸಬೇಕು."

ಅವನು ಒಪ್ಪಲಿಲ್ಲ. "ಕೃಷ್ಣಗಿರಿಗೆ ಕರ್ಕೊಂಡೋಗ್ತೀನಿ ಬುಡಿ," ಎಂದು ಅಪ್ಪನ ತೋಳು ಹಿಡಿದು ಎಬ್ಬಿಸಹೋದ. ಅಷ್ಟು ದೂರದ ದಾರಿಯನ್ನು ಮುದುಕರು ತಡೆಯುವ ಹಾಗಿರಲಿಲ್ಲ. ನಾನು ಬಾಗಿಲಿಗೆ ಅಡ್ಡ ನಿಂತೆ. ಆಗ ಅವನ ಹೆಂಡತಿ ಮುಂದೆ ಬಂದಳು.

"ವಸಿ ಸುಮ್ಕಿರು. ಅವತ್ತು ನನ್ನ ಮೈನಾಗೆ ನೀರೇ ಇರ್ಲಿಲ್ಲ, ಅದ್ಕೆ ಕೊಟ್ರು. ಮಾವನ ಕಾಲು ನೋಡು, ಹೆಂಗೆ ಊದ್ಕೊಂಡವೆ! ಅಮ್ಮ ಬ್ಯಾಡ ಅಂದ್ರೆ ಬ್ಯಾಡ."

ಅವನ ಕೈ ಸಡಿಲವಾಯಿತು. ಮೂತ್ರ ಇಳಿಸುವ ಇಂಜೆಕ್ಷನ್ ಕೊಟ್ಟು, ಬೆನ್ನಿಗೆ ದಿಂಬು ಒತ್ತುಕೊಟ್ಟು ಕೂರಿಸಿದೆ. ಮಧ್ಯಾಹ್ನದಿಂದ ಮೂತ್ರದ ಪಾತ್ರೆ ಹಿಡಿಯುವುದೂ ಖಾಲಿ ಮಾಡುವುದೂ ಮಗನ ಕೆಲಸವಾಯಿತು. ಮಾರನೆಯ ದಿನ ಮುದುಕರು ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. ಮಗ ಅದನ್ನೇ ಕೇಳುತ್ತಾ ಮಂಚದ ಪಕ್ಕ ಕೂತಿದ್ದ.

ಹೃದಯವೇನೂ ಹೊಸದಾಗಲಿಲ್ಲ, ಅದು ನನಗೂ ಗೊತ್ತಿತ್ತು. ಆದರೆ ಆ ವರ್ಷ ರಾಗಿ ಒಕ್ಕಣೆಗೆ ಮಾವ ಕಣದಲ್ಲಿ ಕೂತು ಎಲ್ಲರನ್ನೂ ಬೈದರೆಂದು ಸೊಸೆಯೇ ಬಂದು ನಗುತ್ತಾ ಹೇಳಿದಳು.